ಕಾಮಾಲೆ ಹಿಡಿದ ಫೋಟೋ

ನೀಲಿ ಕೋಟು ಮೇಜಿನ ಮೇಲೆ ಬಿದ್ದ ರಭಸಕ್ಕೆ ಪೆನ್ನಿನ ಡಬ್ಬಿ ಮಗುಚಿ, ಪೆನ್ನುಗಳೆಲ್ಲ ನೆಲದ ಪಾಲಾದವು.

“ನೋಡಿ ಮೇಡಂ. ನಿಮ್ಮ ಭೂತಗನ್ನಡಿ ಇಟ್ಕೊಂಡೇ ನೋಡಿ. ಬೆನ್ನಲ್ಲಿ ಪಟ್ಟಿ ಎಲ್ಲಿದೆ, ತೋರ್ಸಿ ನಂಗೆ.”

ಕೋಟು ಎಸೆದವಳು ಲಿಫ್ಟ್ ಮೆಕ್ಯಾನಿಕ್‌ನ ಹೆಂಡತಿ. ಗಡಿಯಾರ ರಿಪೇರಿಯ ತಾತನನ್ನು ಮೆಟ್ಟಿಲ ಮೇಲಿಂದ ತಳ್ಳಿದ ಆರೋಪ ಹೊತ್ತು ಅವಳ ಗಂಡ ನಿನ್ನೆಯಿಂದ ಲಾಕಪ್ಪಿನಲ್ಲಿದ್ದ. ತಾತ ಆಸ್ಪತ್ರೆಯಲ್ಲಿ, ಎಚ್ಚರವಿಲ್ಲದೆ ಮಲಗಿದ್ದರು. ಮೆಕ್ಯಾನಿಕ್‌ನ ಕಡೆ ಬೆರಳು ತೋರಿಸಿದ್ದು ಮೇಜಿನ ಈಚೆ ಕೂತಿದ್ದ ಹೆಂಗಸು. ಜನರ ಬಾಯಲ್ಲಿ ಅವಳು ‘ಭೂತಗನ್ನಡಿ ಮೇಡಂ’.

ಹೆಸರು ಸುಮ್ಮನೆ ಬಂದದ್ದಲ್ಲ. ಖಾಸಗಿ ಪತ್ತೇದಾರಿಕೆಗೆ ಇಳಿದಂದಿನಿಂದ ಅವಳದು ಒಂದೇ ಹಟ: ಸುಳಿವು ಯಾವುದೇ ಆಗಲಿ, ಕಾಗದದ ಮೇಲೆ ಬರಬೇಕು, ಗಾಜಿನ ಕೆಳಗೆ ಕೂರಬೇಕು. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಕೈಯಲ್ಲಿರುವ ಫೋನೋ, ಗುಂಡಿ ಒತ್ತುವ ಹಳೆಯ ಕಾಲದ್ದು. “ಪರದೆ ಸುಳ್ಳು ಹೇಳುತ್ತೆ, ಕಾಗದ ಹೇಳಲ್ಲ” ಎಂದು ಠಾಣೆಯವರಿಗೆಲ್ಲ ಪಾಠ ಮಾಡಿಟ್ಟಿದ್ದಳು. ಪಾಠ ಹೇಳುವ ಚಪಲ ಅವಳಿಗೆ ಒಂದು ಗುಲಗಂಜಿ ಜಾಸ್ತಿಯೇ.

ಅವಳು ಕೋಟನ್ನು ಎತ್ತಿ ತಿರುಗಿಸಿದಳು. ಗ್ರೀಸಿನ ಕಲೆ, ತೋಳಿನ ಮೇಲೆ ಕಂಪನಿಯ ಬಿಲ್ಲೆ, ಹರಿದ ಒಂದು ಜೇಬು. ಬೆನ್ನು ಬೋಳು.

“ನಮ್ಮೋರ ಹತ್ರ ಇರೋದು ಇಂಥವೇ ಎರಡು. ಒಂದು ಮೈಮೇಲಿದೆ, ಠಾಣೇಲಿ. ಇನ್ನೊಂದು ಇದು. ಫೋಟೋದಲ್ಲಿ ಇರೋದು ಯಾವ್ದು ಹಾಗಾದ್ರೆ?”

“ಅದು ಉಪಕರಣ ಕಟ್ಟೋ ಬೆಲ್ಟು ಅಂತ ಇನ್ಸ್‌ಪೆಕ್ಟ್ರು...”

“ಅವ್ರು ಬೆಲ್ಟ್ ಕಟ್ಟಲ್ಲ ಮೇಡಂ. ಪೆಟ್ಟಿಗೇಲಿ ಹಾಕ್ಕೊಂಡು ಹೋಗ್ತಾರೆ. ಅವತ್ತು ಪೆಟ್ಟಿಗೆ ಆ ಬಿಲ್ಡಿಂಗಿನ ಲಿಫ್ಟ್ ಕೆಳಗಿನ ಗುಂಡೀಲಿತ್ತು, ಅವ್ರೂ ಗುಂಡೀಲಿದ್ರು.”

“ಯಾರಾದ್ರೂ ನೋಡಿದ್ರಾ?”

“ಗುಂಡಿಗೆ ಇಳಿದೋರನ್ನ ಯಾರು ನೋಡ್ತಾರೆ? ಲಿಫ್ಟ್ ನಿಂತಾಗ ಮಾತ್ರ ಜನಕ್ಕೆ ಅವ್ರ ನೆನಪಾಗೋದು.”

ಭೂತಗನ್ನಡಿ ಡ್ರಾಯರ್ ಎಳೆದು ಫೋಟೋ ತೆಗೆದಳು. ಎರಡು ಪ್ರತಿ ಮುದ್ರಿಸಿದ್ದಳು, ಒಂದು ಠಾಣೆಗೆ, ಒಂದು ತನಗೆ. ತಾತನ ಅಂಗಡಿ ಇದ್ದ ಕಟ್ಟಡದ ಕೆಳಗಡೆ ಒಬ್ಬ ದರ್ಜಿ. ತನ್ನ ಹೊಸ ಬೋರ್ಡಿನ ಫೋಟೋ ತೆಗೆಯಲು ಹೋಗಿ, ಅವನಿಗೆ ಗೊತ್ತಿಲ್ಲದೆಯೇ ಅವನು ಇನ್ನೊಂದನ್ನೂ ತೆಗೆದುಬಿಟ್ಟಿದ್ದ. ಬೋರ್ಡಿನ ಪಕ್ಕದಲ್ಲಿ ಮೆಟ್ಟಿಲ ಬಾಗಿಲು. ಬಾಗಿಲಲ್ಲಿ, ಅವಸರವಾಗಿ ಒಳಗೆ ನುಗ್ಗುತ್ತಿರುವ ಒಬ್ಬರ ಬೆನ್ನು. ನೀಲಿ ಕೋಟು, ತಲೆಗೆ ಕಪ್ಪು ಟೋಪಿ. ಅದಾದ ಸ್ವಲ್ಪ ಹೊತ್ತಿಗೆ ತಾತ ಉರುಳಿ ಬಿದ್ದ ಸದ್ದು ಕೇಳಿತ್ತು.

ಅವಳು ಗಾಜನ್ನು ಬೆನ್ನಿನ ಮೇಲೆ ಹಿಡಿದಳು. ಸೊಂಟದ ಮಟ್ಟದಲ್ಲಿ ಅಡ್ಡಕ್ಕೆ ಒಂದು ಪಟ್ಟಿ ಇದ್ದದ್ದಂತೂ ನಿಜ. ಪಟ್ಟಿಯ ತುದಿಯಲ್ಲಿ ಕರಿ ಗುಂಡು, ಅದರ ನಡುವೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ. ಬಕಲ್ ಹೊಳೆದಿರಬೇಕು ಅಂದಿದ್ದರು ಇನ್ಸ್‌ಪೆಕ್ಟರ್. ಅವಳೂ ತಲೆಯಾಡಿಸಿದ್ದಳು.

ಗಾಜು ಅಲ್ಲಿಂದ ಜಾರಿ ಬಾಗಿಲ ಮೂಲೆಗೆ ಬಂತು. ಅಲ್ಲೊಂದು ಹಳದಿ ಡಬ್ಬ. ಮೊದಲ ದಿನ ಅದನ್ನು ಯಾವುದೋ ಎಣ್ಣೆ ಡಬ್ಬವೆಂದು ಬಿಟ್ಟಿದ್ದಳು. ಈಗ ನೋಡಿದರೆ ಅದಕ್ಕೊಂದು ಹಿಡಿಕೆ ಇತ್ತು. ಹಿಡಿಕೆಯಿಂದ ಒಂದು ಕರಿ ಕೊಳವೆ ಇಳಿದಿತ್ತು.

ಬೆಂಕಿ ಆರಿಸುವ ಸಿಲಿಂಡರ್.

ಆ ಮೆಟ್ಟಿಲ ಬಾಗಿಲಲ್ಲಿ ಅವಳೇ ಹೋಗಿ ನಿಂತಿದ್ದಳು. ಆ ಸಿಲಿಂಡರ್‌ಗೆ ಮೊಣಕೈ ತಗುಲಿಸಿಕೊಂಡು ಬೈದುಕೊಂಡಿದ್ದಳು. ಅದು ಕಡು ಕೆಂಪಗೆ ಇತ್ತು. ಎಲ್ಲ ಕಟ್ಟಡಗಳಲ್ಲೂ ಇರುವ ಹಾಗೆ ಕೆಂಪಗೆ.

ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅನ್ನುತ್ತಾರೆ. ಇಲ್ಲಿ ಕಾಮಾಲೆ ಹಿಡಿದದ್ದು ಕಣ್ಣಿಗಲ್ಲ, ಫೋಟೋಗೆ. ದರ್ಜಿಯ ಬೋರ್ಡು ಹಸಿರು ಬಿಳುಪಿನದು, ಅದು ಇದ್ದ ಹಾಗೇ ಬಂದಿತ್ತು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಕೆಂಪು ಹಳದಿಯಾದರೆ ಏನರ್ಥ? ಆ ಫೋಟೋಗೆ ಕೆಂಪಿನ ಅಂಶವೇ ಬಿದ್ದಿಲ್ಲ. ಕೆಂಪಿನ ಅಂಶ ಬೀಳದಿದ್ದರೆ ನೀಲಿಯಾಗಿ ಕಾಣುವ ಕೋಟು ನೀಲಿಯೇ ಆಗಿರಬೇಕು ಅಂತೇನೂ ಇಲ್ಲ.

ಅವಳು ತಲೆಯೆತ್ತಿ ಕಿಟಕಿಯ ಪಕ್ಕದ ಸಣ್ಣ ಮೇಜಿನ ಕಡೆ ನೋಡಿದಳು. ಅಲ್ಲಿ ಬಟ್ಟೆ ಹೊದ್ದುಕೊಂಡು ಕೂತಿತ್ತು ಫೋಟೋ ಪ್ರಿಂಟರ್, ಏನೂ ತಿಳಿಯದ ಮಳ್ಳಿಯ ಹಾಗೆ.

ಫೋಟೋ ಮುದ್ರಿಸಿದ ದಿನ ನಡೆದದ್ದು ಒಂದೊಂದಾಗಿ ನೆನಪಾಯಿತು. ಇನ್ಸ್‌ಪೆಕ್ಟರ್ ಬಾಗಿಲಲ್ಲಿ ನಿಂತು ವಾಚು ನೋಡಿಕೊಳ್ಳುತ್ತಿದ್ದರು. ಸ್ಟುಡಿಯೋ ನಡೆಸುವ ತಂಗಿ ಅದೇ ಹೊತ್ತಿಗೆ ಬಂದಿದ್ದಳು. ಹೊರಗೆ ಹಲ್ಲು ಕಟಕಟ ಅನ್ನುವ ಚಳಿ, ಮೈಮೇಲೆ ತೆಳು ಸ್ವೆಟರ್ ಬಿಟ್ಟರೆ ಏನಿಲ್ಲ. “ಬುದ್ಧಿ ಎಲ್ಲಿಟ್ಟಿದೀಯೇ” ಎಂದು ಬೈದು, ಅಕ್ಕ ತನ್ನ ಶಾಲನ್ನೇ ಹೊದಿಸಿದ್ದಳು. ಪ್ರಿಂಟರ್ ಮೊದಲು ತಂಗಿಯದೇ. ದೊಡ್ಡದು ಕೊಂಡ ಮೇಲೆ ಇದನ್ನು ಅಕ್ಕನಿಗೆ ಕೊಟ್ಟಿದ್ದಳು. ಕ್ಯಾಮೆರಾದ ಕಾರ್ಡನ್ನು ನೇರವಾಗಿ ಅದರ ಹೊಟ್ಟೆಗೇ ಹಾಕಬಹುದು, ನಡುವೆ ಕಂಪ್ಯೂಟರಿನ ಹಂಗಿಲ್ಲ.

ದರ್ಜಿಯ ಕಾರ್ಡು ಹಾಕಿದ ಕೂಡಲೇ ಬೆಂಕಿಪೊಟ್ಟಣದಷ್ಟು ಪರದೆಯ ಮೇಲೆ ಬಂದಿತ್ತು: ‘ಇಂಕಿನ ನಳಿಕೆಗಳು ಕಟ್ಟಿಕೊಂಡಿರಬಹುದು. ಪರೀಕ್ಷಿಸಬೇಕೇ?’

“ಅಕ್ಕಾ, ಏನೋ ಕೇಳ್ತಿದೆ ಇದು.”

“ಬೇಡ ಅನ್ನು ಅದಕ್ಕೆ. ಒಂದ್ಸಲ ಕ್ಲೀನ್ ಮಾಡಿದ್ರೆ ಅರ್ಧ ಇಂಕು ಅದೇ ಕುಡಿದು ಮುಗ್ಸುತ್ತೆ. ಅವ್ರು ಕಾಯ್ತಿದಾರೆ.”

ತಂಗಿ ‘ಬೇಡ’ ಒತ್ತಿದ್ದಳು. ಒತ್ತಿದ್ದು ಯಾರ ಬೆರಳಾದರೇನು, ಬೇಡ ಅಂದ ಬಾಯಿ ತನ್ನದು.

“ಏನಾಯ್ತು ಮೇಡಂ?” ಮೆಕ್ಯಾನಿಕ್‌ನ ಹೆಂಡತಿ ಮುಂದಕ್ಕೆ ಬಾಗಿದಳು.

ಸುಳ್ಳು ಹೇಳಿ ಇವಳನ್ನು ಕಳಿಸಿ, ಆಮೇಲೆ ಸದ್ದಿಲ್ಲದೆ ಸರಿಪಡಿಸಿದರೆ? ಆ ಯೋಚನೆ ಬಂದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

“ತಪ್ಪು ನನ್ನದಿರಬಹುದು.”

“ಇರಬಹುದಾ?”

“ನನ್ನದೇ.”

ಮೆಕ್ಯಾನಿಕ್‌ನ ಹೆಂಡತಿ ಕುರ್ಚಿ ಎಳೆದುಕೊಂಡು ಕೂತಳು. ಇಷ್ಟು ಹೊತ್ತೂ ನಿಂತೇ ಇದ್ದಳೆಂಬುದು ಭೂತಗನ್ನಡಿಗೆ ಆಗಲೇ ಅರಿವಾದದ್ದು. ಕೂರಿ ಅನ್ನುವಷ್ಟು ಸೌಜನ್ಯವನ್ನೂ ತೋರಿಸಿರಲಿಲ್ಲ.

ಫೋನಿನಲ್ಲಿ ಇನ್ಸ್‌ಪೆಕ್ಟರ್ ಮೊದಲು ನಕ್ಕರು, ಆಮೇಲೆ ಸಿಟ್ಟಾದರು.

“ಪರದೆ ಸುಳ್ಳು, ಕಾಗದ ನಿಜ ಅಂದೋರು ಯಾರು ಮೇಡಂ? ಈಗ ನಿಮ್ಮ ಕಾಗದವೇ ಸುಳ್ಳು ಅಂತೀರಾ?”

“ಕೆಂಪು ಸಿಲಿಂಡರ್ ಹಳದಿಯಾಗಿ ಬಂದಿದೆ ಇನ್ಸ್‌ಪೆಕ್ಟ್ರೇ. ಇನ್ನೊಂದು ಪ್ರಿಂಟ್ ಹಾಕಿಸ್ತೀನಿ.”

“ಬೇರೆ ಅಂಗಡೀದು ತಂದ್ರೆ ಬಣ್ಣ ತಿದ್ದಿಸ್ಕೊಂಡು ಬಂದ್ರು ಅಂತಾರೆ. ನಿಮ್ಮ ತಪ್ಪು ಅಂತ ತೋರ್ಸೋದಾದ್ರೆ ಅದೇ ಮಷೀನು, ಅದೇ ಕಾರ್ಡು, ಅದೇ ಕಾಗದ. ಕಾರ್ಡು ನಿಮ್ಮ ಬೀರುವಲ್ಲೇ ಇದೆಯಲ್ಲ. ಮಧ್ಯಾಹ್ನ ಇವನನ್ನ ಕೋರ್ಟಿಗೆ ಕರ್ಕೊಂಡು ಹೋಗ್ತಿದೀನಿ, ದಾರೀಲಿ ನಿಮ್ಮ ಮನೆ ಮುಂದೆ ಜೀಪ್ ನಿಲ್ಲಿಸ್ತೀನಿ. ಕೈಗೆ ಕೊಟ್ರೆ ಕೊಟ್ರಿ. ಇಲ್ಲಾಂದ್ರೆ ಇವನು ಜೈಲಿಗೆ, ಮುಂದಿನದು ಆಮೇಲೆ.”

ಬೀರುವಿನಿಂದ ಕಾರ್ಡು ಬಂತು. ಪ್ರಿಂಟರಿನ ಬಟ್ಟೆ ಸರಿಯಿತು. ಗುಂಡಿ ಒತ್ತಿದೊಡನೆ ಮತ್ತೆ ಅದೇ ಪ್ರಶ್ನೆ: ಇಂಕಿನ ನಳಿಕೆಗಳು ಕಟ್ಟಿಕೊಂಡಿರಬಹುದು. ಪರೀಕ್ಷಿಸಬೇಕೇ?

ಈ ಸಲ ಅವಳು ‘ಹೌದು’ ಒತ್ತಿದಳು.

ಯಂತ್ರ ಗೊಣಗುತ್ತಾ ಒಂದು ಹಾಳೆಯನ್ನು ಹೊರಹಾಕಿತು. ಒಂದೊಂದು ಬಣ್ಣಕ್ಕೂ ಪುಟ್ಟ ಪುಟ್ಟ ಗೆರೆಗಳ ಒಂದೊಂದು ಚೌಕ. ಕಪ್ಪು ಚೌಕ ತುಂಬಿತ್ತು. ಕಡು ನೀಲಿ, ತಿಳಿ ನೀಲಿ ಎರಡೂ ತುಂಬಿದ್ದವು, ಹಳದಿಯೂ ತುಂಬಿತ್ತು. ಕಡು ಗುಲಾಬಿ ಇರಬೇಕಾದ ಜಾಗದಲ್ಲಿ ಬರೀ ಬಿಳಿ ಕಾಗದ. ತಿಳಿ ಗುಲಾಬಿಯ ಜಾಗದಲ್ಲಿ ಬೆಕ್ಕು ಪರಚಿದ ಹಾಗೆ ಎರಡು ಗೀರು. ಕೆಂಪಿಗೂ ನೇರಳೆಗೂ ಬೇಕಾದ ಬಣ್ಣ ಅದೇ. ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟ ಯಂತ್ರದಲ್ಲಿ, ಇಂಕು ಚಿಮ್ಮುವ ‘ಹೆಡ್’ ಎಂಬ ತಲೆಯೊಳಗೆ ಅದು ಒಣಗಿ, ಕೂದಲಿಗಿಂತ ಸಣ್ಣ ತೂತುಗಳೆಲ್ಲ ಮುಚ್ಚಿಹೋಗಿದ್ದವು.

“ಇದೇನಿದು?” ಎಂದಳು ಮೆಕ್ಯಾನಿಕ್‌ನ ಹೆಂಡತಿ.

“ನಿಮ್ಮ ಗಂಡ ಒಳಗಿರೋದಕ್ಕೆ ಕಾರಣ” ಎಂದಳು ಭೂತಗನ್ನಡಿ, ಖಾಲಿ ಚೌಕವನ್ನು ತೋರಿಸುತ್ತಾ.

ಒಳಗಿಂದ ಅತ್ತೆ ಬಂದರು. ಸೊಸೆಯ ಕಚೇರಿಯೇನಿದ್ದರೂ ಮನೆಯ ಮುಂದಿನ ಕೋಣೆಯೇ, ಹಾಗಾಗಿ ಅತ್ತೆಯ ಕಿವಿಗೆ ಬೀಳದ ಕೇಸು ಇರಲಿಲ್ಲ.

“ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ” ಅಂದರು. ಆಮೇಲೆ ಸೊಸೆಯ ಮುಖ ನೋಡಿ ದನಿ ಇಳಿಸಿದರು. “ಯಾರಮ್ಮ ಇವ್ಳು?”

“ಲಿಫ್ಟ್ ರಿಪೇರಿಯವರ ಮನೆಯವರು ಅತ್ತೆ.”

“ಯಾವ ಲಿಫ್ಟ್ ರಿಪೇರಿ? ನಮ್ಮ ಬಿಲ್ಡಿಂಗಿಗೂ ಬರ್ತಾನಲ್ಲ, ಸ್ವಲ್ಪ ತೊದಲ್ತಾನೆ, ಅವನಾ?”

ಮೆಕ್ಯಾನಿಕ್‌ನ ಹೆಂಡತಿ ತಲೆಯಾಡಿಸಿದಳು.

“ಅಯ್ಯೋ! ಕರೆಂಟ್ ಹೋಗಿ ನಾನು ಲಿಫ್ಟೊಳಗೆ ಸಿಕ್ಕಾಕ್ಕೊಂಡಾಗ ಬಾಗಿಲಾಚೆ ಕೂತು, ‘ಅಜ್ಜಿ, ಹೆದ್ರಬೇಡಿ, ನಾ-ನಾನಿದೀನಿ’ ಅಂತ ಕೊನೇ ತನಕ ಮಾತಾಡಿಸ್ತಿದ್ದೋನು ಅವನೇ ಕಣೇ. ಅವನನ್ನ ಹಿಡಿಸಿದ್ಯಾ ನೀನು?”

ಭೂತಗನ್ನಡಿ ಖಾಲಿ ಚೌಕದ ಹಾಳೆಯನ್ನು ಮೇಜಿನ ಮೇಲಿಟ್ಟಳು. ಠಾಣೆಯಲ್ಲಿ ಆ ಮನುಷ್ಯ ತೊದಲಿದಾಗ, ‘ತಪ್ಪು ಮಾಡಿದೋರ ನಾಲಿಗೇನೇ ಹೀಗೆ’ ಎಂದು ಇನ್ಸ್‌ಪೆಕ್ಟರ್ ಅಂದಿದ್ದರು. ಅವಳು ಅದನ್ನೂ ಒಪ್ಪಿಕೊಂಡಿದ್ದಳು. ಆ ದನಿಯನ್ನು ಎಲ್ಲೋ ಕೇಳಿದ್ದೇನಲ್ಲ ಎಂದು ಅನ್ನಿಸಿತ್ತು, ಯೋಚಿಸಲು ಪುರುಸೊತ್ತು ಮಾಡಿಕೊಂಡಿರಲಿಲ್ಲ.

ಅವಳು ಯಂತ್ರಕ್ಕೆ ಕ್ಲೀನ್ ಮಾಡಲು ಆಜ್ಞೆ ಕೊಟ್ಟಳು. ಅದು ಒಳಗೊಳಗೇ ಏದುಸಿರು ಬಿಟ್ಟು, ಕುಲುಕಿ, ಸುಮ್ಮನಾಯಿತು. ಪರೀಕ್ಷೆಯ ಹಾಳೆ ಬಂತು. ಕಡು ಗುಲಾಬಿ ಚೌಕದಲ್ಲಿ ಮೂಲೆಗೊಂದು ಗೆರೆ. ಇನ್ನೊಮ್ಮೆ ಕ್ಲೀನ್ ಮಾಡಿದಳು. ಗೆರೆಗಳು ಕೊಂಚ ಹೆಚ್ಚಿದವು. ಆಸೆ ಚಿಗುರಿ ಮತ್ತೊಮ್ಮೆ ಮಾಡಿದಳು. ಬಂದಿದ್ದ ಗೆರೆಗಳೂ ಮಾಯವಾದವು.

“ಬೇಡ ಬೇಡ ಅಂದ್ರೆ ಹಟ ಮಾಡೋ ಮಗು ಥರ ಇದೆ” ಎಂದರು ಅತ್ತೆ.

ಇಂಥ ಹೊತ್ತಿನಲ್ಲಿ ನೆನಪಾಗುವುದು ಒಡಹುಟ್ಟಿದವರೇ. ಭೂತಗನ್ನಡಿ ತಂಗಿಗೆ ಫೋನ್ ಮಾಡಿದಳು.

“ಕ್ಲೀನ್ ಮಾಡ್ದೆ ಕಣೇ, ಗುಲಾಬಿ ಬರ್ತಾನೇ ಇಲ್ಲ. ಏನ್ ಮಾಡ್ಲಿ?”

ಆ ಕಡೆ ಯಾವುದೋ ಬಾಗಿಲು ಹಾಕಿದ ಸದ್ದಾಯಿತು. ಸ್ಟುಡಿಯೋದಲ್ಲಿ ಗಿರಾಕಿ ಇರಬೇಕು.

“ಯಾಕಕ್ಕಾ ಈಗ ಅದ್ರ ಉಸಾಬರಿ?”

“ದರ್ಜಿ ಫೋಟೋ ಇನ್ನೊಂದ್ಸಲ ಪ್ರಿಂಟ್ ತೆಗೀಬೇಕು. ಬಣ್ಣ ತಪ್ಪಿದೆ.”

“ಅದ್ರ ಹೆಡ್ ಹೋಗಿದೆ ಅಕ್ಕಾ. ಇನ್ಮೇಲೆ ಏನ್ ಮಾಡಿದ್ರೂ ಬರಲ್ಲ. ಮುಟ್ಟಬೇಡ ಅದನ್ನ, ಪೂರ್ತಿ ಕೆಡುತ್ತೆ. ಸಂಜೆ ಬಂದು ನಾನೇ ತಗೊಂಡು ಹೋಗ್ತೀನಿ. ಕಾರ್ಡನ್ನೂ ಕೊಡು, ನಮ್ಮ ದೊಡ್ಡ ಮಷೀನಲ್ಲಿ ಹಾಕ್ಕೊಡ್ತೀನಿ.”

“ಸಂಜೆ ಹೊತ್ತಿಗೆ ಅವನು ಜೈಲಲ್ಲಿರ್ತಾನೆ ಕಣೇ.”

“ಒಂದು ದಿನ ತಾನೇ ಅಕ್ಕಾ.” ಮತ್ತೆ ದನಿ ತಗ್ಗಿಸಿ, “ತಾತಂಗೆ ಎಚ್ಚರ ಆಯ್ತಂತಾ?”

“ಇನ್ನೂ ಇಲ್ಲ.”

ಪಾಪ, ಕರುಳಿರುವ ಹುಡುಗಿ. ಮೊನ್ನೆಯಿಂದ ಫೋನ್ ಮಾಡಿದಾಗಲೆಲ್ಲ ತಾತನನ್ನು ವಿಚಾರಿಸುತ್ತಾಳೆ. ಹಾಗೆಂದುಕೊಂಡು ಭೂತಗನ್ನಡಿ ಫೋನ್ ಇಟ್ಟಳು. ಆದರೆ ಮನಸ್ಸಿನಲ್ಲಿ ಏನೋ ಚುಚ್ಚಿತು. ಹೆಡ್ ಹೋಗಿದೆ ಎಂದು ನೋಡದೆಯೇ ಹೇಳಿದಳಲ್ಲ? ಹಿಂದೊಮ್ಮೆ ಇದೇ ಪ್ರಿಂಟರ್ ಹೀಗೇ ಮುಷ್ಕರ ಹೂಡಿದಾಗ, ತಂಗಿಯೇ ಸ್ಟುಡಿಯೋದಲ್ಲಿ ಅದನ್ನು ಬದುಕಿಸಿದ್ದಳು. ಅಕ್ಕ ಪಕ್ಕದಲ್ಲೇ ಕೂತು ನೋಡಿದ್ದಳು. ‘ಇದಕ್ಕೆಲ್ಲ ಹೆಡ್ ಹೋಯ್ತು ಅನ್ನೋರು ಕಲೀದೇ ಇರೋರು ಅಕ್ಕಾ’ ಎಂದು ಅವತ್ತು ಜಂಬ ಕೊಚ್ಚಿಕೊಂಡವಳೂ ಅವಳೇ.

ಇರಲಿ, ಕೆಲಸದ ಗಡಿಬಿಡಿಯಲ್ಲಿ ಅಂದಿರುತ್ತಾಳೆ. ಯೋಚಿಸಲು ಇದು ಹೊತ್ತಲ್ಲ.

“ಅತ್ತೆ, ಇಸ್ತ್ರಿ ಪೆಟ್ಟಿಗೆಗೆ ಹಾಕೋ ಬಟ್ಟಿ ಇಳಿಸಿದ ನೀರು ಇದೆಯಾ? ಬೆಚ್ಚಗೆ ಮಾಡಿ ಕೊಡಿ. ನೂಲು ಬಿಡದ ಬಟ್ಟೆ ಒಂದು ಬೇಕು.”

ತಂಗಿ ಮಾಡಿದ್ದನ್ನು ಅವಳು ಒಂದೊಂದಾಗಿ ನೆನಪಿಸಿಕೊಂಡಳು. ಯಂತ್ರ ಚಾಲೂ ಮಾಡಿ, ಒಳಗಿನ ತಲೆ ಮೂಲೆ ಬಿಟ್ಟು ಓಡಾಡತೊಡಗಿದಾಗ ಸರಕ್ಕನೆ ಪ್ಲಗ್ ಕೀಳಬೇಕು. ಆಗ ತಲೆ ನಡುದಾರಿಯಲ್ಲೇ ನಿಲ್ಲುತ್ತದೆ, ಕೈಯಿಂದ ಸರಿಸಲು ಬರುತ್ತದೆ. ಮೊದಲ ಸಲ ತಡವಾಯಿತು. ಎರಡನೆಯ ಸಲ ಮೆಕ್ಯಾನಿಕ್‌ನ ಹೆಂಡತಿ ಪ್ಲಗ್ಗಿನ ಹತ್ತಿರ ಕುಕ್ಕರುಗಾಲಲ್ಲಿ ಕೂತಳು.

“ಈಗ!”

ಅವಳು ಕಿತ್ತಳು. ತಲೆ ನಡುವೆ ನಿಂತಿತು.

ಬೆಚ್ಚನೆಯ ನೀರಲ್ಲಿ ನೆನೆಸಿ ಹಿಂಡಿದ ಬಟ್ಟೆಯನ್ನು ಮಡಿಸಿ ಅದರ ದಾರಿಯಲ್ಲಿ ಇಟ್ಟು, ತಲೆಯನ್ನು ಮೆಲ್ಲಗೆ ಬಟ್ಟೆಯ ಮೇಲಕ್ಕೆ ಸರಿಸಿದಳು. ಇನ್ನು ಒಣಗಿದ್ದು ನೆನೆಯುವ ತನಕ ಕಾಯುವುದು. ಅವಸರ ಮಾಡಿದರೆ ಮತ್ತೆ ಕಥೆ ಮೊದಲಿಗೆ.

“ಮೂಗು ಕಟ್ಟಿದ ಮಗುವಿಗೆ ಹಬೆ ಕೊಟ್ಟ ಹಾಗಾಯ್ತು ಬಿಡು” ಎಂದು ಅತ್ತೆ ಟೀ ಮಾಡಲು ಒಳಗೆ ಹೋದರು.

ಕೋಣೆಯಲ್ಲಿ ಇಬ್ಬರೇ ಉಳಿದರು. ಮೇಜಿನ ಮೇಲೆ ನೀಲಿ ಕೋಟು ಇನ್ನೂ ಬಿದ್ದಿತ್ತು.

“ನೀವು ಹೇಳಿದ್ದಕ್ಕೇ ಹಿಡ್ಕೊಂಡು ಹೋದ್ರು” ಎಂದಳು ಮೆಕ್ಯಾನಿಕ್‌ನ ಹೆಂಡತಿ. ಈಗ ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದು ಇನ್ನೂ ಕಷ್ಟವಾಯಿತು. “‘ಭೂತಗನ್ನಡಿ ಮೇಡಂ ನೋಡಿ ಹೇಳಿದ್ಮೇಲೆ ಮುಗೀತು’ ಅಂದ್ರು. ನೀವು ಅಷ್ಟು ದೊಡ್ಡೋರು ಅಂತ ನಂಗೆ ಗೊತ್ತೇ ಇರ್ಲಿಲ್ಲ.”

“ದೊಡ್ಡೋಳಲ್ಲ ನಾನು.”

“ಪಕ್ಕದ ಮನೆಯವ್ಳು ನಿನ್ನೆ ನನ್ನ ಮುಖ ನೋಡಿ ಬಾಗಿಲು ಹಾಕ್ಕೊಂಡ್ಳು. ದಿನಾ ನನ್ನ ಹತ್ರ ಸೂಜಿ ದಾರ ಕೇಳ್ಕೊಂಡು ಬರೋಳು. ಇವ್ರು ಬಿಡುಗಡೆಯಾಗಿ ಬಂದ್ರೂ ಆ ಬಾಗಿಲು ತೆಗೀತಾಳಾ ಮೇಡಂ?”

ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇಲ್ಲಿ ಹೋದದ್ದು ಒಂದು ತೊಟ್ಟು ಇಂಕಿಗೆ, ಅದೂ ಅವಳು ಉಳಿಸಲು ನೋಡಿದ ಇಂಕಿಗೆ. ಹೋದ ಮಾನ ತನ್ನದಾಗಿದ್ದರೂ ಒಂದು ಮಾತು. ಈ ಹೆಂಗಸು ಏನು ಮಾಡಿದ್ದಳು?

“ನನ್ನನ್ನ ಕ್ಷಮಿಸಿ” ಎಂದಳು. ಮಾತು ಎಷ್ಟು ಸಣ್ಣದೆಂದು ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು.

“ಅದನ್ನ ಆಮೇಲೆ ಕೇಳಿ ಮೇಡಂ. ಮೊದ್ಲು ಬಣ್ಣ ಬರ್ಲಿ.”

ಅತ್ತೆ ತಂದ ಟೀಯನ್ನು ಇಬ್ಬರೂ ಮುಟ್ಟಲಿಲ್ಲ. ಬಿಸಿಲು ಕಿಟಕಿಯ ಸರಳು ದಾಟಿ ಪ್ರಿಂಟರಿನ ಮೇಲೆ ಬಂದಾಗ ಭೂತಗನ್ನಡಿ ಎದ್ದು ಬಟ್ಟೆಯನ್ನು ಮೆಲ್ಲಗೆ ಎಳೆದಳು. ಬಿಳಿ ಬಟ್ಟೆಯ ಮೇಲೆ ಎಲ್ಲ ಬಣ್ಣಗಳೂ ಗೀಟು ಹೊಡೆದಿದ್ದವು. ನಡುವೆ, ಎಲ್ಲಕ್ಕಿಂತ ದಪ್ಪಗೆ, ಕಡು ಗುಲಾಬಿ.

“ಬಿಟ್ಟಿತು!” ಮೆಕ್ಯಾನಿಕ್‌ನ ಹೆಂಡತಿ ಅವಳ ತೋಳನ್ನೇ ಹಿಡಿದುಬಿಟ್ಟಳು.

ಪ್ಲಗ್ ಹಾಕಿ, ಒಂದೇ ಒಂದು ಸಲ ಕ್ಲೀನ್ ಮಾಡಿ, ಪರೀಕ್ಷೆಯ ಹಾಳೆ ತೆಗೆದಳು. ಆರೂ ಚೌಕ ತುಂಬಿದ್ದವು. ಒಂದು ಗೆರೆಯೂ ತಪ್ಪಿರಲಿಲ್ಲ. ಖಾಲಿ ಚೌಕದ ಮೊದಲ ಹಾಳೆಯನ್ನೂ ಇದನ್ನೂ ಜೊತೆಗೆ ಪಿನ್ ಮಾಡಿದಳು, ತನ್ನ ತಪ್ಪಿಗೆ ತಾನೇ ಸಾಕ್ಷಿ ಕಟ್ಟುವ ಹಾಗೆ.

ಆಮೇಲೆ ಕಾರ್ಡು, ಕಾಗದ, ಗುಂಡಿ.

ಫೋಟೋ ಬೆರಳಗಲ ಬೆರಳಗಲ ಹೊರಬರತೊಡಗಿತು. ಮೊದಲು ಬೋರ್ಡಿನ ಹಸಿರು, ಅದು ಹಿಂದಿನಂತೆಯೇ ಇತ್ತು. ನಂತರ ಬಾಗಿಲ ಚೌಕಟ್ಟು, ಕಪ್ಪು ಟೋಪಿ. ಯಂತ್ರದ ತಲೆ ಅತ್ತಿಂದಿತ್ತ ಓಡಾಡುತ್ತಾ ಭುಜಕ್ಕೆ ಬಣ್ಣ ಹಾಕಿತು, ಬೆನ್ನಿಗೆ ಹಾಕಿತು. ಮೂಲೆಯಲ್ಲಿ ಸಿಲಿಂಡರ್ ಮೂಡಿತು, ಹಣ್ಣು ಮೆಣಸಿನಕಾಯಿಯಷ್ಟು ಕೆಂಪಗೆ.

ಕೋಟು ನೀಲಿ ಇರಲಿಲ್ಲ.

“ನೇರಳೆ!” ಮೆಕ್ಯಾನಿಕ್‌ನ ಹೆಂಡತಿ ಕೂಗಿದಳು. “ನೇರಳೆ ಕೋಟು ಮೇಡಂ! ನಮ್ಮೋರ ಹತ್ರ ನೇರಳೆ ಕರ್ಚೀಫೂ ಇಲ್ಲ! ಅಮ್ಮಾ, ಬನ್ನಿ ಇಲ್ಲಿ, ನೋಡಿ!”

ಅವಳು ಅತ್ತೆಯನ್ನು ಕರೆತರಲು ಒಳಗೆ ಓಡಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇರಬೇಕು.

ಭೂತಗನ್ನಡಿಯ ಎದೆಯ ಮೇಲಿನ ಕಲ್ಲು ಒಂದು ಗಳಿಗೆ ಇಳಿಯಿತು. ಆ ಮನುಷ್ಯ ಇವತ್ತು ಮನೆಗೆ ಹೋಗುತ್ತಾನೆ. ತಾನು ಮಾಡಿದ್ದನ್ನು ತಾನೇ ತೊಳೆದಂತಾಯಿತು. ನೆಮ್ಮದಿಯಿಂದ, ಬರೀ ಅಭ್ಯಾಸಬಲದಿಂದ ಅವಳು ಗಾಜನ್ನು ಎತ್ತಿ ಕೋಟಿನ ಬೆನ್ನ ಮೇಲೆ ಹಿಡಿದಳು.

ಸೊಂಟದ ಪಟ್ಟಿಯೂ ನೇರಳೆ. ಅದು ಬೆಲ್ಟಲ್ಲ, ಕೋಟಿಗೇ ಹೊಲಿದದ್ದು. ತುದಿಯಲ್ಲಿ ಇದ್ದದ್ದು ಬಕಲ್ ಅಲ್ಲ, ಒಂದು ಕಪ್ಪು ಗುಂಡಿ. ಗುಂಡಿಯ ನಡುವೆ ಆ ಬಿಳಿ ಚುಕ್ಕೆ.

ದಾರ.

ನೇರಳೆ ದಾರ ಸಿಗದೆ ಬಿಳಿ ದಾರದಲ್ಲೇ ಹೊಲಿದ ಗುಂಡಿ. ಹಳೆಯ ಗುಂಡಿ ಕಳೆದುಹೋಗಿ, ‘ಬೆನ್ನಲ್ಲಿರೋದು ಯಾರಿಗೆ ಕಾಣುತ್ತೆ ಬಿಡೇ’ ಎಂದು ನಗುತ್ತಾ, ಇದೇ ಕೋಣೆಯಲ್ಲಿ, ಇದೇ ಕುರ್ಚಿಯಲ್ಲಿ ಕೂತು ಅವಳೇ ಹೊಲಿದದ್ದು. ಸ್ಟುಡಿಯೋ ಶುರುವಾದ ದಿನ ಅವಳೇ ತಂಗಿಗೆ ಕೊಡಿಸಿದ ಕೋಟಿಗೆ.

ಚಳಿಯಲ್ಲಿ ತೆಳು ಸ್ವೆಟರಿನಲ್ಲಿ ಬಂದದ್ದು. ಯಂತ್ರ ಕೇಳಿದ ಪ್ರಶ್ನೆಯ ಅರ್ಥ ಈ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದೂ ಸುಮ್ಮನೆ ‘ಬೇಡ’ ಒತ್ತಿದ್ದು. ಕಾರ್ಡನ್ನೂ ಕೊಡು ಅಂದದ್ದು. ತಾತಂಗೆ ಎಚ್ಚರ ಆಯ್ತಾ ಅಂದದ್ದು. ಕರುಳಿರುವ ಹುಡುಗಿ ಎಂದು ಅಕ್ಕ ಹೆಮ್ಮೆಪಟ್ಟದ್ದು.

ಬಾಗಿಲ ಹತ್ತಿರ ಚಪ್ಪಲಿಯ ಸದ್ದಾಯಿತು. ಸಂಜೆ ಬರುತ್ತೇನೆಂದವಳು ಈಗಲೇ ಬಂದಿದ್ದಳು. ಮೈಮೇಲೆ ಅಕ್ಕನ ಶಾಲು. ಓಡಿ ಬಂದಂತೆ ಏದುಸಿರು. ತಂಗಿಯ ಕಣ್ಣು ಮೊದಲು ಬಣ್ಣ ಬಣ್ಣದ ಒದ್ದೆ ಬಟ್ಟೆಯ ಮೇಲೆ ಬಿತ್ತು, ಆಮೇಲೆ ಅಕ್ಕನ ಕೈಯಲ್ಲಿದ್ದ ಫೋಟೋದ ಮೇಲೆ.

“ಕೋಟು ಎಲ್ಲೇ?” ಅಕ್ಕನ ದನಿ ಅಕ್ಕನಿಗೇ ಕೇಳಿಸಲಿಲ್ಲ.

ತಂಗಿ ಅತ್ತು ಕರೆಯಲೂ ಇಲ್ಲ, ಅಲ್ಲವೆಂದೂ ಅನ್ನಲಿಲ್ಲ.

“ಮುಟ್ಟಬೇಡ ಅಂದಿದ್ದೆನಲ್ಲಕ್ಕಾ” ಅಂದಳು.

ಕೆಳಗೆ ರಸ್ತೆಯಲ್ಲಿ ಜೀಪು ಹಾರ್ನ್ ಹೊಡೆಯಿತು.

ಮೆಕ್ಯಾನಿಕ್‌ನ ಹೆಂಡತಿ ಒಳಗಿಂದ ಓಡಿ ಬಂದಳು. ಬಾಗಿಲಲ್ಲಿ ನಿಂತವಳು ಯಾರೆಂದು ನೋಡುವ ವ್ಯವಧಾನವೂ ಅವಳಿಗಿರಲಿಲ್ಲ. ಕಿಟಕಿಯಿಂದ ಬಗ್ಗಿ ಜೀಪಿನ ಹಿಂಬದಿಯಲ್ಲಿ ಕೂತ ಗಂಡನನ್ನು ನೋಡಿ, “ಬಂದೆ ರೀ, ಬಂದೆ!” ಎಂದು ಕೂಗಿ, ತಿರುಗಿ ಕೈ ಚಾಚಿದಳು.

“ಕೊಡಿ ಮೇಡಂ. ನಾನೇ ತಗೊಂಡು ಹೋಗಿ ತೋರಿಸ್ತೀನಿ.”

ಅವಳು ಫೋಟೋದ ಒಂದು ತುದಿಯನ್ನು ಹಿಡಿದು ಎಳೆದಳು. ಬರಲಿಲ್ಲ. ಇನ್ನೊಮ್ಮೆ ಎಳೆದಳು. ಆಮೇಲೆ ನಗು ಮಾಸಿ, ತಲೆಯೆತ್ತಿ ಭೂತಗನ್ನಡಿಯ ಮುಖ ನೋಡಿದಳು.

ಇನ್ನೊಂದು ತುದಿಯನ್ನು ಹಿಡಿದ ಬೆರಳುಗಳು ಬಿಟ್ಟಿರಲಿಲ್ಲ.